ಹಿಟ್ಟಿನ ಮೀನಾಕ್ಷಮ್ಮನ ಮೂರನೇ ಸಿಲಿಂಡರು

ದೋಣಿಗಲ್ಲಿನ ಮೀನಾಕ್ಷಮ್ಮ ಪೆಟ್ರೋಲ್ ಬಂಕಿಗೆ ಹೋದರೆ ಕಾರಿನಿಂದ ಇಳಿದು, ಮೀಟರು ಸೊನ್ನೆಗೆ ಬಂದದ್ದನ್ನು ಕಣ್ಣಾರೆ ಕಂಡು, ಬಂಕಿನವನ ಬಾಯಿಂದಲೂ ಸೊನ್ನೆ ಅನ್ನಿಸಿದ ಮೇಲೆಯೇ ಟ್ಯಾಂಕಿನ ಮುಚ್ಚಳ ತೆಗೆಯಲು ಬಿಡುತ್ತಾಳೆ. ಡಾಕ್ಟರು ಮಾತ್ರೆ ಬರೆದುಕೊಟ್ಟರೆ ಆ ಚೀಟಿಯನ್ನು ಮೆಡಿಕಲ್ ಅಂಗಡಿಯವನಿಗೊಮ್ಮೆ, ಆಶಾ ಕಾರ್ಯಕರ್ತೆಗೊಮ್ಮೆ ತೋರಿಸುತ್ತಾಳೆ. ಇಬ್ಬರೂ ಒಂದೇ ಮಾತು ಹೇಳಿದರೆ ಸಮಾಧಾನವಾಗಬೇಕು ತಾನೆ? ಇಲ್ಲ, ಇವರಿಬ್ಬರೂ ಮೊದಲೇ ಮಾತಾಡಿಕೊಂಡಿರಬಹುದೇ ಎಂಬ ಹೊಸ ಚಿಂತೆ ಶುರುವಾಗುತ್ತದೆ. ದೇವರ ಮೇಲಾದರೂ ನಂಬಿಕೆ ಇರಬೇಕಲ್ಲ ಎನ್ನಬೇಡಿ. ಪೂಜಾರಿ ಕೊಟ್ಟದ್ದು ಇಡೀ ಹೂವೋ ಬರೀ ಎಸಳೋ ಎಂದು ಅಂಗೈ ಬಿಚ್ಚಿ ನೋಡಿಯೇ ಅವಳು ಕಣ್ಣಿಗೊತ್ತಿಕೊಳ್ಳುವುದು.

ಅವಳ ಕೆಲಸ ಇಡ್ಲಿ ದೋಸೆಯ ಹಿಟ್ಟಿನದು. ಹಿಂದಿನ ದಿನವೇ ರುಬ್ಬಿ ಹುದುಗಲು ಇಟ್ಟ ಹಿಟ್ಟನ್ನು ಮುಚ್ಚಳದ ಬಕೆಟ್ಟುಗಳಿಗೆ ತುಂಬಿ, ಬೆಳಗ್ಗೆ ಆರಕ್ಕೆ ತನ್ನ ಹಳೇ ಕೆಂಪು ಮಾರುತಿ ಕಾರಿನ ಹಿಂದಿನ ಸೀಟಿನಲ್ಲಿ ಸಾಲಾಗಿ ಕೂರಿಸಿಕೊಂಡು ಹೊರಡುತ್ತಾಳೆ. ಹೆದ್ದಾರಿಯ ಎರಡು ಕ್ಯಾಂಟೀನು, ಒಂದು ಎಸ್ಟೇಟಿನ ಬಂಗಲೆ, ಆಮೇಲೆ ಹೆಗ್ಗದ್ದೆ ಕಡೆಯ ಹೋಂಸ್ಟೇಗಳು. ಏರಿನಲ್ಲಿ ಕಾರು ನಿಂತರೆ ಹಿಟ್ಟು ನಿಲ್ಲುವುದಿಲ್ಲ, ಬಿಸಿಲೇರಿದಂತೆ ಉಕ್ಕಿ ಮುಚ್ಚಳ ಎತ್ತುತ್ತದೆ. ಪ್ರವಾಸಿಗಳ ಮುಂದೆ ಒಂದು ದಿನ ಹುಳಿ ಇಡ್ಲಿ ಇಟ್ಟ ಹೋಂಸ್ಟೇಯವರು ಮಾರನೆಯ ದಿನದಿಂದ ಹಾಸನದ ಪ್ಯಾಕೆಟ್ ಹಿಟ್ಟಿಗೆ ಹೋಗುತ್ತಾರೆ. ಹೋದವರು ಮರಳಿ ಬರುವುದಿಲ್ಲ. ಹಾಗಾಗಿ ಆ ಕಾರಿನ ಎಂಜಿನ್ನೇ ಅವಳ ಅನ್ನ.

ಈ ಗುಮಾನಿಯ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ. ಗಂಡ ಪರಮಶಿವಯ್ಯ ಇದ್ದ ಕಾಲಕ್ಕೆ ಬಯಲುಸೀಮೆಯ ಕಡೆಯಿಂದ ಒಂದು ಹಳೇ ಜೀಪು ಕೊಂಡು ತಂದಿದ್ದರು. ಮಾರಿದವನು ಹಣೆತುಂಬ ವಿಭೂತಿ ಹಚ್ಚಿಕೊಂಡು, ಗಂಡ ಹೆಂಡತಿ ಇಬ್ಬರಿಗೂ ಹೋಳಿಗೆ ಊಟ ಹಾಕಿ, ಇವಳಿಗೆ ಕುಂಕುಮ ಕೊಡಿಸಿ ಕಳಿಸಿದ್ದ. ಎಂಟನೇ ದಿನ ಗೇರ್ ಬಾಕ್ಸು ಕಿರುಚಿಕೊಂಡು ಕೂತಿತು. ಬಿಚ್ಚಿದರೆ ಒಳಗೆ ಆಯಿಲಿನ ಜೊತೆ ಮುಷ್ಟಿಗಟ್ಟಲೆ ಮರದ ಹೊಟ್ಟು. ಸವೆದ ಹಲ್ಲುಗಳ ಸದ್ದು ಹೊರಗೆ ಕೇಳದಿರಲೆಂದು ತುಂಬಿಸಿದ್ದ. ಪರಮಶಿವಯ್ಯ ನಕ್ಕು ಸುಮ್ಮನಾದರು, ಅವರ ಸ್ವಭಾವವೇ ಅದು. ಮೀನಾಕ್ಷಮ್ಮನಿಗೆ ನಗು ಬರಲಿಲ್ಲ. ಆ ಹೋಳಿಗೆಯನ್ನು ತಾನು ಇನ್ನೊಂದು ಹಾಕಿಸಿಕೊಂಡು ತಿಂದದ್ದು ನೆನಪಾದರೆ ಇವತ್ತಿಗೂ ಅವಳಿಗೆ ಮೈ ಉರಿಯುತ್ತದೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವಳು ಕಾರು ಕಲಿತದ್ದು ಆಮೇಲೆ, ನಲವತ್ತೆಂಟನೇ ವಯಸ್ಸಿನಲ್ಲಿ.

ಕಾರಿನ ಬ್ಯಾಟರಿ, ಪ್ಲಗ್ಗು, ಕಾರ್ಬುರೇಟರು, ಸ್ಟೆಪ್ನಿ ಎಲ್ಲದರ ಮೇಲೂ ಒಂದೊಂದು ಚುಕ್ಕೆ ಕೆಂಪು ನೇಲ್ ಪಾಲಿಶ್ ಇದೆ. ಉಗುರಿಗೆ ಜನ್ಮದಲ್ಲಿ ಬಣ್ಣ ಹಚ್ಚಿಕೊಂಡವಳಲ್ಲ ಅವಳು. ಗ್ಯಾರೇಜಿನವರು ಕಣ್ತಪ್ಪಿಸಿ ಒಳ್ಳೆಯ ಸಾಮಾನು ಕಿತ್ತು ಸವೆದದ್ದು ಹಾಕಿಬಿಡುತ್ತಾರೆ ಎಂದು ಯಾರೋ ಹೇಳಿದ ದಿನವೇ ಹೋಗಿ ಆ ಶೀಶೆ ತಂದಿದ್ದಳು.

ಆ ಕಾರನ್ನು ಏಳು ವರ್ಷದಿಂದ ನೋಡಿಕೊಂಡವನು ಬಾಲು. ದೋಣಿಗಲ್ಲಿನ ತಿರುವಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡ ಮೆಕ್ಯಾನಿಕ್ಕು, ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಚುಕ್ಕೆಗಳನ್ನು ಅವನು ಕಂಡಿರಲಿಲ್ಲವೆಂದಲ್ಲ. ಒಂದು ದಿನವೂ ಅದರ ಬಗ್ಗೆ ಕೇಳಲಿಲ್ಲ. ಪ್ಲಗ್ಗು ತೊಳೆಯುವಾಗ ಬಣ್ಣ ಅಳಿಯದಂತೆ ಹುಷಾರಾಗಿ ಒರೆಸುತ್ತಿದ್ದ. ಮೀನಾಕ್ಷಮ್ಮ ಅದನ್ನೂ ಗಮನಿಸಿದ್ದಳು. ಇವನಿಗೆ ಇಷ್ಟೊಂದು ಹುಷಾರು ಯಾಕೆ ಬೇಕು ಎಂದು ಅದಕ್ಕೂ ಒಂದು ಅನುಮಾನ ಇಟ್ಟುಕೊಂಡಿದ್ದಳು.

ಈ ವರ್ಷ ತೋಟಗಳಲ್ಲಿ ಕಾಫಿ ಹೂವಾಗುವ ಹೊತ್ತಿಗೆ ಕಾರು ಹೆಗ್ಗದ್ದೆಯ ಏರಿನಲ್ಲಿ ಮುಗ್ಗರಿಸತೊಡಗಿತು. ಎರಡನೇ ಗೇರಿನಲ್ಲಿ ಹತ್ತುತ್ತಿದ್ದಲ್ಲಿ ಒಂದನೆಯದಕ್ಕೆ ಬೇಡುತ್ತದೆ, ಒಂದನೆಯದರಲ್ಲೂ ಏದುಸಿರು ಬಿಡುತ್ತದೆ. ಅದೇ ವಾರ ಬಾಲು ಒಂದು ಮಾತು ಕೇಳಿದ.

"ಅಮ್ಮಾ, ಗಾಡಿ ಕೊಡೋದಿದ್ರೆ ಹೇಳಿ. ಬಿಸಿಲೆ ಕಡೆ ಹೋಂಸ್ಟೇಯವ್ರೊಬ್ರು ಹಳೇ ಕೆಂಪು ಕಾರು ಹುಡುಕ್ತಾವ್ರೆ. ಗಾರ್ಡನ್ನಾಗೆ ನಿಲ್ಸಿ ಸುತ್ತ ಹೂವಿನ ಕುಂಡ ಇಡ್ತಾರಂತೆ, ಬಂದೋರು ಫೋಟೋ ತೆಕ್ಕಳಾಕೆ."

"ನನ್ ಕಾರು ಕುಂಡಾನೇನೋ?" ಎಂದು ಅವಳು ಗದರಿದಳು. ಬಾಲು ನಕ್ಕು ಸ್ಪ್ಯಾನರು ಹುಡುಕಿಕೊಂಡು ಹೋದ. ಅವನು ಮರೆತ, ಇವಳು ಮರೆಯಲಿಲ್ಲ. ಕಾರು ಕೇಳುವುದಕ್ಕೂ ಕಾರು ಕೆಡುವುದಕ್ಕೂ ನಡುವೆ ನಾಲ್ಕೇ ದಿನ. ಕೆಟ್ಟ ಗಾಡಿ ಅಗ್ಗಕ್ಕೆ ಸಿಗುತ್ತದೆಯಲ್ಲವೇ ಎಂದು ಅವಳ ತಲೆ ಲೆಕ್ಕ ಹಾಕತೊಡಗಿತು.

ಒಂದು ಗುರುವಾರ ಹಿಟ್ಟು ಹಂಚಿ ಮುಗಿಸಿ ಬಂದವಳಿಗೆ ಬಾಲು, ಕಂಪ್ರೆಶನ್ ನೋಡಿಬಿಡೋಣ ಎಂದ. ಅವಳ ಎಂಜಿನ್ನಿನಲ್ಲಿ ಮೂರು ಸಿಲಿಂಡರು. ಒಂದೊಂದೂ ಗಾಳಿಯನ್ನು ಎಷ್ಟು ಬಿಗಿಯಾಗಿ ಅದುಮುತ್ತದೋ ಎಂಜಿನ್ನಿಗೆ ಅಷ್ಟು ಕಸುವು. ಪ್ಲಗ್ಗು ಕಿತ್ತು, ಆ ತೂತಿಗೆ ಗೇಜು ತಿರುಪಿ, ಸೆಲ್ಫ್ ಹೊಡೆದರೆ ಗೇಜಿನ ಮುಳ್ಳು ಎದ್ದು ನಿಂತು ಒತ್ತಡ ತೋರಿಸುತ್ತದೆ. ಗಾಳಿ ಒಳಗೆ ಧಾರಾಳವಾಗಿ ಹೋಗಬೇಕು, ಅದಕ್ಕೇ ಆ ಹೊತ್ತಿನಲ್ಲಿ ಆಕ್ಸಿಲರೇಟರನ್ನು ತಳಮುಟ್ಟ ಒತ್ತಿ ಹಿಡಿದಿರಬೇಕು. ಬಾಲು ಒಬ್ಬನೇ ಕೆಲಸ ಮಾಡುವವನು. "ನೀವು ಸೀಟಿನಾಗೆ ಕೂತ್ಕಳಿ ಅಮ್ಮಾ. ಪೂರ್ತಿ ಒತ್ತಿಟ್ಕಂಡು, ನಾ ಹೂಂ ಅಂದಾಗ ಕೀಲಿ ತಿರುಗ್ಸಿ," ಎಂದ.

ಅವಳು ಕೂತಳು. ಎತ್ತಿದ ಬಾನೆಟ್ಟು ಗೋಡೆಯ ಹಾಗೆ ಅಡ್ಡ ಬಂತು. ಆಚೆ ಬಾಲು, ಈಚೆ ಇವಳು. ಅವನಿಗೆ ಇವಳ ಕಾಲು ಕಾಣದು, ಇವಳಿಗೆ ಅವನ ಕೈ ಕಾಣದು. ಮೀನಾಕ್ಷಮ್ಮನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ ಹೇಳಿ. ಮೊದಲನೆಯದಕ್ಕೆ ಪೆಡಲು ಒತ್ತಿ ಕೀಲಿ ತಿರುಗಿಸಿದಳು. "ನೂರೈವತ್ತೈದು." ಎರಡನೆಯದಕ್ಕೂ ಒತ್ತಿದಳು. "ನೂರೈವತ್ತು." ಅಷ್ಟರಲ್ಲಿ ಆಚೆ ಕಡೆ ಏನೋ ಡಬ್ಬಿ ತೆರೆದ ಸದ್ದು, ಪ್ಲಗ್ಗುಗಳು ತಟ್ಟೆಯಲ್ಲಿ ಕಿಣಿಕಿಣಿ ಎಂದ ಸದ್ದು. ಹೋದ ತಿಂಗಳಷ್ಟೇ ಹೊಸ ಪ್ಲಗ್ಗು ಹಾಕಿಸಿದ್ದಳು. ಅವಳ ಕಿವಿ ನೆಟ್ಟಗಾಯಿತು. ಬಾಗಿಲು ತೆರೆದು, ಬಲಗಾಲನ್ನು ಕೆಳಗೆ ನೆಲಕ್ಕೆ ಊರಿ, ಒಂದು ಕೈ ಕೀಲಿಯ ಮೇಲಿಟ್ಟುಕೊಂಡೇ ಕತ್ತು ಉದ್ದ ಮಾಡಿ ಬಾನೆಟ್ಟಿನ ಆಚೆ ಇಣುಕಿದಳು. ಬಾಲು ಹೂಂ ಅಂದ. ತಿರುಗಿಸಿದಳು.

ಬಾಲು ಗೇಜನ್ನು ಬೆರಳಿನಿಂದ ತಟ್ಟಿ ನೋಡಿದ. ಆಮೇಲೆ, "ತೊಂಬತ್ತೈದೇ ಬತ್ತಾ ಐತಲ್ಲ," ಎಂದ. ಒಂದು ಚಮಚ ಆಯಿಲನ್ನು ಆ ತೂತಿನೊಳಗೆ ಬಿಟ್ಟು ಮತ್ತೆ ಹೊಡೆಯಲು ಹೇಳಿದ. ಆಯಿಲು ಕಂಡದ್ದೇ ಮೀನಾಕ್ಷಮ್ಮನಿಗೆ ಆ ಜೀಪಿನ ಗೇರ್ ಬಾಕ್ಸು ನೆನಪಾಯಿತು. ಅರ್ಧ ಮೈಯನ್ನೇ ಹೊರಗೆ ಚಾಚಿದಳು. ಮುಳ್ಳು ನೂರನ್ನು ದಾಟಲಿಲ್ಲ.

"ಪಿಸ್ಟನ್ ರಿಂಗ್ ಸವೆದಿರೋದಲ್ಲ, ರಿಂಗ್ ಆಗಿದ್ರೆ ಆಯಿಲ್ ಬಿಟ್ಟಾಗ ಏರ್ತಿತ್ತು. ವಾಲ್ವ್ ಹೋಗ್ಬುಟ್ಟೈತೆ ಅನ್ಸುತ್ತೆ. ಎಂಜಿನ್ ಹೆಡ್ ಬಿಚ್ಬೇಕು ಅಮ್ಮಾ. ವಾರ ಹತ್ತು ದಿನ ಹಿಡಿಯುತ್ತೆ."

ಹತ್ತು ದಿನ ಕಾರಿಲ್ಲವೆಂದರೆ ಹೋಂಸ್ಟೇಗಳು ಕೈಬಿಟ್ಟವೆಂದೇ ಅರ್ಥ. ಆಗ ಕಾರು ಇಟ್ಟುಕೊಂಡು ತಾನಾದರೂ ಏನು ಮಾಡಬೇಕು? ಬಿಸಿಲೆಯವರಿಗೆ ಕೊಟ್ಟುಬಿಡಿ ಎಂದು ಇವನೇ ಮರುಕದಿಂದ ಹೇಳುತ್ತಾನೆ, ನಡುವೆ ನಿಂತು ಲಾಭ ಹೊಡೆಯುತ್ತಾನೆ. ಎಲ್ಲ ಎಷ್ಟು ಚೆನ್ನಾಗಿ ಹೊಂದಿಕೊಂಡಿತು ನೋಡಿ. "ಯೋಚ್ನೆ ಮಾಡ್ತೀನಿ," ಎಂದಷ್ಟೇ ಹೇಳಿ, ಪ್ಲಗ್ಗುಗಳ ಚುಕ್ಕೆ ಎಣಿಸಿ ನೋಡಿಕೊಂಡು, ಕಾರು ತೆಗೆದುಕೊಂಡು ಹೊರಟಳು.

ಮಾರನೆಯ ದಿನ ಮಧ್ಯಾಹ್ನ ಆಲೂರಿನಲ್ಲಿದ್ದಳು. ಅಲ್ಲಿ ಸುರೇಂದ್ರ ಎಂಬವನದೊಂದು ಗ್ಯಾರೇಜು. ಅವನ ಹೆಂಡತಿ ಗಂಗಾಮಣಿಯೂ ಜೊತೆಗೇ ಕೆಲಸ ಮಾಡುತ್ತಾಳೆ. ಕಂಪ್ರೆಶನ್ ನೋಡಿ ಎಂದಷ್ಟೇ ಮೀನಾಕ್ಷಮ್ಮ ಹೇಳಿದಳು, ಬಾಲು ಹೇಳಿದ್ದನ್ನು ಬಾಯಿಬಿಡಲಿಲ್ಲ. ಗಂಗಾಮಣಿ ಸೀಟಿನಲ್ಲಿ ಕೂತು ಪೆಡಲು ಒತ್ತಿದಳು, ಸುರೇಂದ್ರ ಗೇಜು ಹಿಡಿದ, ಮೀನಾಕ್ಷಮ್ಮ ಅವನ ಹೆಗಲ ಮೇಲಿಂದಲೇ ಮುಳ್ಳು ನೋಡಿದಳು. ನೂರೈವತ್ತೈದು, ನೂರೈವತ್ತು, ನೂರೈವತ್ತೆರಡು.

"ಎಂಜಿನ್ ಕಲ್ಲಿದ್ದಂಗೈತೆ ಕಣ್ರೀ," ಎಂದ ಸುರೇಂದ್ರ. ಕಾರ್ಬುರೇಟರಿನಲ್ಲಿ ಕಸ ಕೂತು, ಪೆಟ್ರೋಲ್ ಫಿಲ್ಟರು ಕಟ್ಟಿಕೊಂಡಿತ್ತು. ಎರಡು ಗಂಟೆಯಲ್ಲಿ ತೊಳೆದು ಕೊಟ್ಟ. ಕಾರು ಹೆಗ್ಗದ್ದೆಯ ಏರನ್ನು ಎರಡನೇ ಗೇರಿನಲ್ಲೇ ಹತ್ತಿತು. ಮೀನಾಕ್ಷಮ್ಮನಿಗಾದ ಖುಷಿ ಕಾರು ಸರಿಹೋದದ್ದಕ್ಕೋ, ತನ್ನ ಅನುಮಾನ ನಿಜವಾದದ್ದಕ್ಕೋ ಎಂದು ಕೇಳಿದರೆ ಎರಡನೆಯದಕ್ಕೇ ಒಂದು ತೂಕ ಹೆಚ್ಚು.

ಅಂದಿನಿಂದ ಹಿಟ್ಟಿನ ಜೊತೆಗೆ ಸುದ್ದಿಯೂ ಹಂಚಿಕೆಯಾಯಿತು. ಕ್ಯಾಂಟೀನಿನಲ್ಲಿ ಬಕೆಟ್ಟು ಇಳಿಸುವಾಗ ಒಂದು ಸಲ, ಬಂಗಲೆಯ ಅಡುಗೆಮನೆಯಲ್ಲಿ ಒಂದು ಸಲ, ಹೋಂಸ್ಟೇಗಳಲ್ಲಿ ಒಂದೊಂದು ಸಲ. "ಚೆನ್ನಾಗಿರೋ ಎಂಜಿನ್ನು ಬಿಚ್ಚಾಕೆ ನೋಡ್ದ ಕಣ್ರೀ, ಏಳು ವರ್ಷದಿಂದ ನಂಬಿದ್ದೆ," ಎನ್ನುತ್ತಿದ್ದಳು. ನಂಬಿದ್ದೆ ಎಂಬುದು ಶುದ್ಧ ಸುಳ್ಳು, ಆದರೆ ಕೇಳಿದವರಿಗೆ ಅದೇ ಎದೆಗೆ ನಾಟುತ್ತಿತ್ತು. ಜೀಪ್ ಸ್ಟ್ಯಾಂಡಿನ ಹಿರಿಯ ಶಾಂತಮಲ್ಲಪ್ಪ ಎಲ್ಲ ಕೇಳಿಸಿಕೊಂಡು, "ಮೂಗಬಸಪ್ಪನ ಥರ ಇದ್ನಲ್ಲ ಮಾರಾಯ, ಅವ್ನೂ ಹಿಂಗಾ?" ಎಂದು ತನ್ನ ಜೀಪನ್ನು ಸಕಲೇಶಪುರದ ಗ್ಯಾರೇಜಿಗೆ ಒಯ್ದ. ಅವನ ಹಿಂದೆ ಸ್ಟ್ಯಾಂಡಿನ ಉಳಿದವರೂ ಹೋದರು. ಮಳೆಗಾಲಕ್ಕೆ ಮುಂಚೆ ಬ್ರೇಕು, ವೈಪರು ನೋಡಿಸಲು ಜೀಪುಗಳು ಸಾಲು ನಿಲ್ಲುತ್ತಿದ್ದ ಶೆಡ್ಡಿನ ಮುಂದೆ ಈ ವರ್ಷ ನಾಯಿ ಮಲಗಿತ್ತು.

ಬಾಲು ಬಂದು ಜಗಳ ಕಾಯುತ್ತಾನೆಂದು ಮೀನಾಕ್ಷಮ್ಮ ಉತ್ತರಗಳನ್ನು ಜೋಡಿಸಿಟ್ಟುಕೊಂಡಿದ್ದಳು. ಅವನು ಬರಲಿಲ್ಲ. ತಪ್ಪು ಮಾಡಿದವನು ಎಲ್ಲಿಂದ ಬರುತ್ತಾನೆ ಎಂದು ಅದನ್ನೂ ಅವನ ಲೆಕ್ಕಕ್ಕೇ ಹಾಕಿದಳು. ಒಂದು ದಿನ ಅವಳು ಕಾರಿನಲ್ಲಿ ದಾಟುವಾಗ ಅವನು ಶೆಡ್ಡಿನೊಳಗೆ ಎಸ್ಟೇಟಿನ ಔಷಧಿ ಸ್ಪ್ರೇ ಮಾಡುವ ಪಂಪೊಂದನ್ನು ಬಿಚ್ಚಿ ಕೂತಿದ್ದ. ತಲೆ ಎತ್ತಿ ಕಾರನ್ನು ನೋಡಿದ, ಕಾರಿನ ಸದ್ದು ಕೇಳಿಸಿಕೊಂಡ, ಮತ್ತೆ ತಲೆ ತಗ್ಗಿಸಿದ.

ಜೂನ್ ಮೊದಲ ವಾರ ಅವಳು ಸರ್ವೀಸಿಗೆಂದು ಮತ್ತೆ ಆಲೂರಿಗೆ ಹೋದಳು. ವಾಲ್ವುಗಳ ಸಂದು ಸರಿಮಾಡಿದ ಸುರೇಂದ್ರ, ಒಂದು ಸಲ ಕಂಪ್ರೆಶನ್ ನೋಡಿಬಿಡುವ ಎಂದ. ಗಂಗಾಮಣಿ ಅಕ್ಕನ ಮನೆಗೆ ಹೋಗಿದ್ದಳು. "ನೀವೇ ಕೂತ್ಕಳಿ ಅಮ್ಮಾ. ಪೆಡಲ್ ಪೂರ್ತಿ ಒತ್ತಿಡಿ." ಮೀನಾಕ್ಷಮ್ಮ ಕೂತಳು. ಬಾನೆಟ್ಟು ಅಡ್ಡ ಬಂತು. ಮೊದಲನೆಯದಾಯಿತು. ಎರಡನೆಯದಕ್ಕೆ ಸುರೇಂದ್ರ ಬಗ್ಗಿದ್ದೇ ತಡ, ಇವಳ ಕತ್ತು ತಾನಾಗಿ ಹೊರಗೆ ಬಂತು, ಕತ್ತಿನ ಹಿಂದೆ ಕಾಲು ಬಂತು. ಬಾಲುವನ್ನು ನಂಬದವಳು ಸುರೇಂದ್ರನನ್ನು ಯಾಕೆ ನಂಬಬೇಕು?

"ಇದೇನಿದು, ನೂರೂ ಬರ್ನಿಲ್ಲ?" ಎಂದ ಸುರೇಂದ್ರ ಗೇಜು ಬಿಟ್ಟು ಬಾನೆಟ್ಟಿನ ಈ ಬದಿಗೆ ಬಂದ. ಬಂದವನು ಧೂಳಿನಲ್ಲಿ ಊರಿದ್ದ ಅವಳ ಬಲಗಾಲನ್ನು ನೋಡಿ ಹಣೆ ಚಚ್ಚಿಕೊಂಡ. "ಅಮ್ಮಾ, ಕಾಲು ಪೆಡಲ್ ಮ್ಯಾಲಿಡಿ ಅಂದ್ರೆ ನೆಲದ ಮ್ಯಾಲಿಟ್ಟೀರಲ್ಲ! ಗಾಳಿ ಎಲ್ಲಿಂದ ಹೋಯ್ತದೆ ಒಳಕ್ಕೆ? ನಾ ವಾಲ್ವ್ ಹೋಯ್ತು ಅಂದ್ಕಂಡ್ಬುಟ್ಟೆ."

ಅವಳು ಕಾಲು ಒಳಗೆಳೆದುಕೊಂಡಳು, ಪೆಡಲು ಒತ್ತಿದಳು, ಕೀಲಿ ತಿರುಗಿಸಿದಳು. ಅದೇ ಸಿಲಿಂಡರು ನೂರೈವತ್ತಕ್ಕೆ ಬಂತು.

ಮೀನಾಕ್ಷಮ್ಮನ ಕಿವಿಯಲ್ಲಿ ಸುರೇಂದ್ರನ ಮಾತೇ ಉಳಿಯಿತು. ನಾ ವಾಲ್ವ್ ಹೋಯ್ತು ಅಂದ್ಕಂಡ್ಬುಟ್ಟೆ. ಬಾಲು ಹೇಳಿದ್ದೂ ಅದೇ ಮಾತು. ಸುರೇಂದ್ರ ಎದ್ದು ಬಂದು ನೋಡಿದ, ಬಾಲು ಬಂದು ನೋಡಲಿಲ್ಲ, ವ್ಯತ್ಯಾಸ ಅಷ್ಟೇ. ಗೇಜು ಸುಳ್ಳು ಹೇಳಿರಲಿಲ್ಲ, ಬಾಲುವೂ ಹೇಳಿರಲಿಲ್ಲ. ಆಲೂರಿನಿಂದ ದೋಣಿಗಲ್ಲಿನವರೆಗೆ ಅವಳು ರೇಡಿಯೋ ಹಾಕಲಿಲ್ಲ, ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವುದನ್ನೂ ಮರೆತಳು.

ಯಾರಿಗೂ ಗೊತ್ತಿಲ್ಲವಲ್ಲ ಎಂಬ ಯೋಚನೆ ಬರಲಿಲ್ಲವೇ? ಬಂತು. ಒಂದು ವಾರ ಪೂರ್ತಿ ಅದೇ ಯೋಚನೆಯಲ್ಲಿ ಹಿಟ್ಟು ರುಬ್ಬಿದಳು. ಎರಡು ದಿನ ಉಪ್ಪು ಹಾಕುವುದನ್ನೇ ಮರೆತಳು. ಆಗಲೂ ಬಾಲು ಬಿಸಿಲೆಯವರಿಗೆ ಕಾರು ಕೇಳಿದ್ದೇಕೆ ಎಂದು ಒಂದು ಹುಲ್ಲುಕಡ್ಡಿ ಹಿಡಿದುಕೊಳ್ಳಲು ನೋಡಿದಳು. ಆದರೆ ಆ ಹೋಂಸ್ಟೇಯವರು ಬೇರೆ ಕಡೆಯಿಂದ ಕೆಂಪು ಕಾರು ತಂದು ನಿಲ್ಲಿಸಿ, ಸುತ್ತ ಕುಂಡ ಜೋಡಿಸಿ, ಅದರ ಫೋಟೋ ಎಲ್ಲರ ಮೊಬೈಲಿಗೂ ಬಂದಿತ್ತು. ಬಾಲು ಹೇಳಿದ್ದು ಅದೂ ನಿಜವೇ. ಗೇರ್ ಬಾಕ್ಸಿಗೆ ಹೊಟ್ಟು ತುಂಬಿ ಕಳಿಸಿದವನ ಮೇಲಿನ ಸಿಟ್ಟನ್ನು ತಾನು ಇಷ್ಟು ವರ್ಷ ಹೊತ್ತಿದ್ದೇನೆ, ಈಗ ತನ್ನ ಮೇಲಿನ ಸಿಟ್ಟನ್ನು ಬಾಲು ಎಷ್ಟು ವರ್ಷ ಹೊರಬೇಕು ಎಂದು ಅನಿಸಿದಾಗ ಅವಳಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

ಮುಂದಿನ ಭಾನುವಾರ ಹಿಟ್ಟು ಹಂಚಿ ಬಂದವಳು ಜೀಪ್ ಸ್ಟ್ಯಾಂಡಿನಲ್ಲಿ ಕಾರು ನಿಲ್ಲಿಸಿದಳು. "ಶಾಂತಮಲ್ಲಪ್ಪಾ, ಬಾಲು ಶೆಡ್ಡಿಗೆ ಬಾ. ನೀವೂ ಬರ್ರಪ್ಪಾ ಎಲ್ರೂ." ಜಗಳವೆಂದುಕೊಂಡು ನಾಲ್ಕೈದು ಜನ ಉತ್ಸಾಹದಿಂದಲೇ ಹಿಂದೆ ಬಂದರು.

ಬಾಲು ಬಾಗಿಲಲ್ಲಿ ನಿಂತಿದ್ದ. "ಗೇಜು ತಗಾ, ಮೂರ್ನೇ ಸಿಲಿಂಡರ್ ನೋಡು," ಎಂದಳು ಮೀನಾಕ್ಷಮ್ಮ.

"ಯಾಕೆ? ಆಲೂರಾಗೆ ನೋಡ್ಸಾಯ್ತಲ್ಲ," ಎಂದ ಅವನು. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಆಯಾಸವಿತ್ತು.

"ನೋಡು ಅಂದೆ. ದಮ್ಮಯ್ಯ ಅಂತೀನಿ."

ಅವನು ಗೇಜು ತಂದ. ಪ್ಲಗ್ಗುಗಳನ್ನು ಕಿತ್ತ. ಅವಳು ಪೆಡಲು ತಳಮುಟ್ಟ ಒತ್ತಿ ಕೀಲಿ ತಿರುಗಿಸಿದಳು. ನೂರೈವತ್ತು. "ಇನ್ನೊಂದ್ಸಲ," ಎಂದು ಬಾಗಿಲು ತೆರೆದು, ಬಲಗಾಲನ್ನು ನೆಲಕ್ಕೆ ಊರಿ, ಕತ್ತು ಚಾಚಿ, ಅವತ್ತಿನ ಹಾಗೆಯೇ ತಿರುಗಿಸಿದಳು. ಮುಳ್ಳು ತೊಂಬತ್ತೈದಕ್ಕೆ ನಿಂತಿತು.

"ಎಲ್ರೂ ನನ್ ಕಾಲು ಎಲ್ಲೈತೆ ನೋಡ್ಕಳ್ರಪ್ಪಾ," ಎಂದಳು. "ಅವತ್ತು ಹಿಂಗೇ ಕೂತಿದ್ದೆ. ಇವ್ನು ಪ್ಲಗ್ಗು ಬದಲಾಯಿಸ್ತಾನೆ ಅಂತ ಇಣುಕ್ತಿದ್ದೆ. ತಪ್ಪು ನಂದು. ಊರೆಲ್ಲಾ ಇವ್ನ ಹೆಸ್ರು ಕೆಡ್ಸಿದ್ದೂ ನಾನೇ. ಬಾಲು, ತಪ್ಪಾಯ್ತು ಕಣಪ್ಪಾ."

"ಥೂ, ಎಂಥಾ ಕೆಲ್ಸ ಮಾಡ್ಬುಟ್ಯವ್ವಾ!" ಎಂದ ಶಾಂತಮಲ್ಲಪ್ಪ. ಅವನ ಮುಖವೂ ಸಣ್ಣಗಾಗಿತ್ತು. ಒಂದು ಮಾತನ್ನೂ ಕೇಳದೆ ಜೀಪು ತಿರುಗಿಸಿಕೊಂಡು ಹೋದವನು ತಾನೇ ತಾನೆ. "ನಾಳೆ ಜೀಪು ತತ್ತೀನಿ ಕಣೋ ಬಾಲು. ಬ್ರೇಕು ಯಾಕೋ ಕಿರ್ ಅಂತೈತೆ," ಎಂದು ಮೆಲ್ಲಗೆ ಹೇಳಿದ.

ಬಾಲು ಕೈ ಒರೆಸಿಕೊಂಡ. "ನಂದೂ ತಪ್ಪೈತೆ ಬುಡಿ. ಮುಳ್ಳು ಬಿದ್ದಾಗ ಬಂದು ಕಾಲು ನೋಡ್ಬೇಕಿತ್ತು. ಅಮ್ಮ ಒತ್ತಿಟ್ಕಂಡಿರ್ತಾರೆ ಅಂತ ನಂಬ್ಕಂಡೆ."

ಮೀನಾಕ್ಷಮ್ಮ ಕಾಲು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡಳು.

ಮಳೆಗಾಲ ಮುಗಿಯುವಷ್ಟರಲ್ಲಿ ಜೀಪುಗಳೆಲ್ಲ ಶೆಡ್ಡಿಗೆ ಮರಳಿದವು. ಅವಳ ಬಾಯಿಂದ ಕೆಟ್ಟ ಸುದ್ದಿ ಹೋದ ಅಡುಗೆಮನೆಗಳಿಗೆಲ್ಲ ಅವಳೇ ಮತ್ತೊಮ್ಮೆ ಹೋಗಿ ಉಳಿದದ್ದನ್ನು ಹೇಳಿ ಬಂದಳು. ಕೆಲವರು ನಕ್ಕರು, ಬಂಗಲೆಯ ಅಡುಗೆಯವಳು ಮಾತ್ರ ಮುಖ ತಿರುಗಿಸಿದಳು. ಅಕ್ಟೋಬರಿನಲ್ಲಿ ಮೀನಾಕ್ಷಮ್ಮ ಕಾರು ತಂದು ಬಾಲುವಿನ ಮುಂದೆ ನಿಲ್ಲಿಸಿ, ಕಾಫಿ ಕೊಯ್ಲಿನ ಗಲಾಟೆಗೆ ಮುಂಚೆ ಎಲ್ಲ ಒಂದು ಸಲ ನೋಡಿಬಿಡು ಎಂದಳು. ಬಾಲು ಆಯಿಲು ಬದಲಾಯಿಸಿದ, ಬ್ರೇಕು ನೋಡಿದ. ಕೊನೆಗೆ ಪ್ಲಗ್ಗು ಕಿತ್ತು ಗೇಜು ಕೈಗೆತ್ತಿಕೊಂಡಾಗ ಅವಳು ತಾನಾಗಿಯೇ ಬಾಗಿಲು ತೆರೆದು ಸೀಟಿನತ್ತ ಬಗ್ಗಿದಳು.

"ಇರಿ ಅಮ್ಮಾ," ಎಂದ ಬಾಲು. ಶೆಡ್ಡಿನ ಹಿಂದೆ ಹೋಗಿ ಗಟ್ಟಿಯಾದೊಂದು ಕಾಫಿ ಗಿಡದ ಕೋಲು ಕಡಿದು ತಂದ. ಉದ್ದ ಅಳೆದು, ಒಂದು ತುದಿಯನ್ನು ಪೆಡಲಿಗೆ ಕೊಟ್ಟು, ಇನ್ನೊಂದನ್ನು ಸೀಟಿಗೆ ಆನಿಸಿ ಬಿಗಿ ಮಾಡಿದ. ಕೀಲಿ ತಿರುಗಿಸಲು ಯಾರೂ ಬೇಡದಂತೆ ಸೆಲ್ಫಿಗೆ ಬಾನೆಟ್ಟಿನ ಕಡೆಯಿಂದಲೇ ಒಂದು ವೈರು ಎಳೆದುಕೊಂಡ.

"ಕೋಲು ಜಾರೀತು ಕಣೋ, ನಾನೇ ಕೂತ್ಕಂತೀನಿ," ಎಂದಳು ಅವಳು.

"ಬ್ಯಾಡ ಬುಡಿ. ಇದು ಎದ್ದು ಇಣುಕಲ್ಲ."

ಅವನು ಚುಚ್ಚಿ ಹೇಳಲಿಲ್ಲ. ಟೈರಿಗೆ ಗಾಳಿ ಎಷ್ಟು ಹಾಕಲಿ ಎಂದು ಕೇಳುವ ದನಿಯಲ್ಲೇ ಹೇಳಿ ಬಾನೆಟ್ಟಿನ ಆಚೆ ಹೋದ. ಮೀನಾಕ್ಷಮ್ಮ ಸೀಟು ಬಿಟ್ಟು ಬಂದು ಹೊರಗಿನ ಕಲ್ಲಿನ ಮೇಲೆ, ರ‍ಸ್ತೆಯ ಕಡೆಗೆ ಮುಖ ಮಾಡಿ ಕೂತಳು. ಹಿಂದೆ ಸೆಲ್ಫು ಮೂರು ಸಲ ಹೊಡೆಯಿತು. ಎಷ್ಟು ಬಂತು ಎಂದು ಅವಳು ತಿರುಗಿ ನೋಡಲಿಲ್ಲ. ಬಾಲು ಬಂದು ಮೂರೂ ಸರಿಯಾಗಿವೆ ಎಂದಾಗ ಹೂಂ ಎಂದು ತಲೆಯಾಡಿಸಿ, ಕೋಲು ತೆಗೆಯುವವರೆಗೆ ಕಾದು, ಕಾರು ಹತ್ತಿದಳು.